ಮರ ಹಿಡಿಯೋ ಚಕ್ಕು, ಬದಲಾಗೋ ದವಡೆ: ಎಲ್ಲದರ ಹಿಂದಿರೋ ಹೆನ್ರಿ ಮಾಡ್‌ಸ್ಲೆ ಯಾರು ಗೊತ್ತಾ?

ಫೆಬ್ರವರಿ 14 ಅಂದ್ರೆ ಈಗಿನ ಹುಡುಗರಿಗೆ ಪ್ರೇಮಿಗಳ ದಿನ. ಗುಲಾಬಿ ಹೂವಿನ ರೇಟು ಏರೋ ದಿನ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಲೇತ್ ಮಿಷನ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರಿಗೆ ಆ ದಿನ ಇನ್ನೊಂದು ಕಾರಣಕ್ಕೆ ನೆನಪಿರಬೇಕು. 1831ರ ಫೆಬ್ರವರಿ 14ರಂದು ಲಂಡನ್‌ನಲ್ಲಿ ಹೆನ್ರಿ ಮಾಡ್‌ಸ್ಲೆ ಅನ್ನೋ ಕೆಲಸಗಾರ ತೀರಿಕೊಂಡ. ಆಗ ಆತನಿಗೆ 59 ವರ್ಷ.

ನಮ್ಮ ಕಡೆ ಮರದ ಲೇತ್‌ನಲ್ಲಿ ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ, ಕಡಗೋಲು, ಜಾತ್ರೆಗೆ ಬುಗುರಿ ಕಡೆಯುತ್ತಾರೆ. ಈಗೀಗ ಬಟ್ಟಲು, ಹೂದಾನಿ ಕಡೆಯೋ ಹುಡುಗರೂ ಇದ್ದಾರೆ. ಮರದ ತುಂಡನ್ನು ಹಿಡಿಯೋ ಚಕ್ಕು, ಆ ಚಕ್ಕಿನ ಬಾಯಲ್ಲಿರೋ ನಾಲ್ಕು ದವಡೆ ಅವರಿಗೆಲ್ಲ ಗೊತ್ತು. ಅಂಗಡಿಯವರು ಇದನ್ನೇ ಜಾ ಸೆಟ್ ಅಂತಾರೆ. ಬಟ್ಟಲಿಗೊಂದು ಸೆಟ್, ಸಣ್ಣ ಕಡ್ಡಿಗೊಂದು ಸೆಟ್. ಎಂಟು ಸ್ಕ್ರೂ ಬಿಚ್ಚಿದರೆ ಹಳೇದು ಕೈಗೆ ಬರುತ್ತೆ, ಅದೇ ಎಂಟು ಸ್ಕ್ರೂ ಬಿಗಿದರೆ ಹೊಸದು ಕೂರುತ್ತೆ.

ಆ ಎಂಟು ಸ್ಕ್ರೂಗಳಲ್ಲಿ ಯಾವುದನ್ನು ಯಾವ ತೂತಿಗೆ ಹಾಕಿದರೂ ಕೂರುತ್ತೆ. ಇದು ಈಗ ಯಾರಿಗೂ ದೊಡ್ಡ ವಿಷಯ ಅನ್ನಿಸಲ್ಲ. ಆದರೆ ಹೆನ್ರಿ ಹುಟ್ಟಿದ ಕಾಲದಲ್ಲಿ ಹೀಗಿರಲಿಲ್ಲ. ಒಂದು ಬೋಲ್ಟಿಗೆ ಅದರದೇ ನಟ್ಟು, ಬೇರೆಯದು ಹತ್ತುತ್ತಿರಲಿಲ್ಲ. ಅದನ್ನು ಬದಲಾಯಿಸೋ ಹಟಕ್ಕೆ ಬಿದ್ದು ಗೆದ್ದವರಲ್ಲಿ ಹೆನ್ರಿ ಹೆಸರು ಮೊದಲ ಸಾಲಿನಲ್ಲಿದೆ. ದವಡೆ ಬದಲಾಯಿಸೋ ಚಕ್ಕು ಆತ ಕಂಡುಹಿಡಿದಿದ್ದಲ್ಲ. ಆದರೆ ಅಂಥದ್ದೊಂದು ಸಾಮಾನು ಅಂಗಡೀಲಿ ಸಿಗೋ ಹಾಗಾಗಿದ್ದು ಆತ ಹಾಕಿಕೊಟ್ಟ ದಾರಿಯಿಂದ.

ಮದ್ದು ತುಂಬುತ್ತಿದ್ದ ಹುಡುಗ

ಹೆನ್ರಿ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಪಕ್ಕದ ವುಲಿಚ್‌ನಲ್ಲಿ. ಥೇಮ್ಸ್ ನದಿ ದಂಡೆಯ ಊರು. ಬ್ರಿಟಿಷ್ ಸೈನ್ಯಕ್ಕೆ ಫಿರಂಗಿ, ಮದ್ದುಗುಂಡು ತಯಾರಾಗುತ್ತಿದ್ದ ದೊಡ್ಡ ಕಾರ್ಖಾನೆ ಅಲ್ಲೇ ಇತ್ತು. ಅಪ್ಪ ಮೂಲದಲ್ಲಿ ಗಾಡಿ ಚಕ್ರ ಮಾಡುವವನು. ಸೈನ್ಯಕ್ಕೆ ಸೇರಿ ಗಾಯಗೊಂಡ ಮೇಲೆ ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಏಳು ಮಕ್ಕಳಲ್ಲಿ ಹೆನ್ರಿ ಐದನೆಯವನು. 1780ರಲ್ಲಿ ಅಪ್ಪ ತೀರಿಕೊಂಡ.

ಬಡವರ ಮನೆ ಮಕ್ಕಳ ಕಥೆ ಎಲ್ಲಾ ಕಡೆ ಒಂದೇ. 12ನೇ ವಯಸ್ಸಿಗೆ ಹೆನ್ರಿ ಕೆಲಸಕ್ಕೆ ಹೋದ. ತೋಟಾಗಳಿಗೆ ಮದ್ದು ತುಂಬೋ ಕೆಲಸ. ಎರಡು ವರ್ಷ ಆದ ಮೇಲೆ ಬಡಗಿಗಳ ಶೆಡ್ಡಿಗೆ ಹಾಕಿದರು. ಮರದ ಕೆಲಸದ ರುಚಿ ಸಿಕ್ಕಿದ್ದು ಅಲ್ಲೇ. ಆದರೆ ಹುಡುಗನ ಕಣ್ಣು ಮಾತ್ರ ಪಕ್ಕದ ಕುಲುಮೆ ಮೇಲೆ ಇರುತ್ತಿತ್ತು. ಕೊನೆಗೆ 15ನೇ ವಯಸ್ಸಿನಲ್ಲಿ ಕಮ್ಮಾರಿಕೆಗೆ ಹಾಕಿದರು. ಮರ, ಕಬ್ಬಿಣ ಎರಡೂ ಕೈಗೆ ಬಂದವು. ದೊಡ್ಡವನಾದ ಮೇಲೆ ಮಾಡಿದ ಮಿಷನ್‌ಗಳಲ್ಲಿ ಈ ಎರಡೂ ವಿದ್ಯೆ ಕೆಲಸಕ್ಕೆ ಬಂದವು.

ಆಳು ಆರಡಿಗಿಂತ ಎತ್ತರ, ಗಟ್ಟಿಮುಟ್ಟು. ಆದರೆ ಕೈ ಕೆಲಸ ಮಾತ್ರ ಅಕ್ಕಸಾಲಿಗರಷ್ಟು ನಾಜೂಕು. ಹದಿನೆಂಟರ ಹೊತ್ತಿಗೆ ಆತನ ಅರ ಹಿಡಿಯೋ ಕೈ ಬಗ್ಗೆ ಊರಾಚೆಗೂ ಸುದ್ದಿ ಹೋಗಿತ್ತು.

ಬೀಗದ ಅಂಗಡಿ

ಆಗ ಲಂಡನ್‌ನಲ್ಲಿ ಜೋಸೆಫ್ ಬ್ರಾಮಾ ಅಂತ ಒಬ್ಬರು ಇದ್ದರು. ಮೊದಲು ಬಡಗಿ, ಆಮೇಲೆ ಬೀಗ ಮಾಡುವವರು. 1784ರಲ್ಲಿ ಅವರು ಹೊಸ ಥರದ ಬೀಗಕ್ಕೆ ಪೇಟೆಂಟ್ ತಗೊಂಡರು. ಕಳ್ಳರು ತೆಗೆಯೋಕೆ ಆಗದಂಥ ಬೀಗ. ಆದರೆ ಒಂದು ತೊಂದರೆ. ಅದರ ಒಳಗಿನ ಸಣ್ಣ ಸಣ್ಣ ಭಾಗ ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂರಬೇಕು. ಕೈಯಲ್ಲಿ ಉಜ್ಜಿ ಉಜ್ಜಿ ಮಾಡಿದರೆ ಒಂದು ಬೀಗಕ್ಕೆ ದಿನಗಟ್ಟಲೆ ಹಿಡಿಯೋದು. ಬೆಲೆ ಏರೋದು. ಗಿರಾಕಿ ಓಡೋಗೋದು.

ಹೆನ್ರಿಯನ್ನು ಕರೆಸಿದರು. ಬಂದಿದ್ದು 18 ವರ್ಷದ ಹುಡುಗ ಅಂತ ನೋಡಿ ಬ್ರಾಮಾ ಮೊದಲು ಅನುಮಾನಪಟ್ಟರು. ಆದರೆ ಹುಡುಗ ಕೆಲಸ ಮಾಡಿ ತೋರಿಸಿದ. ಬೀಗದ ಭಾಗಗಳನ್ನು ಮಾಡೋಕೆ ಬೇಕಾದ ಮಿಷನ್‌ಗಳನ್ನೇ ಮಾಡಿಕೊಟ್ಟ. ಒಂದು ಭಾಗ ಸರಿಯಾಗಿ ಬಂದರೆ ಮಿಷನ್‌ನಲ್ಲಿ ನೂರೂ ಹಾಗೇ ಬರುತ್ತವೆ ಅನ್ನೋದು ಆತ ಹಿಡಿದ ದಾರಿ.

1790ರ ಹೊತ್ತಿಗೆ ಬ್ರಾಮಾ ತಮ್ಮ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಕೀ ಇಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಅಂತ ಬೋರ್ಡ್ ಹಾಕಿದರು. ಆ ಬೀಗ ಮಾಡಿದ ಕೈ ಹೆನ್ರಿಯದು. 1851ರ ತನಕ ಅದನ್ನು ಯಾರೂ ತೆಗೆಯಲಾಗಲಿಲ್ಲ. ಆ ವರ್ಷ ಅಮೆರಿಕದ ಹಾಬ್ಸ್ ಅನ್ನೋ ಬೀಗದ ತಜ್ಞ ತೆಗೆದ. ಅದಕ್ಕೂ ಆತನಿಗೆ 16 ದಿನದಲ್ಲಿ 51 ಗಂಟೆ ಹಿಡಿಯಿತು.

ಬ್ರಾಮಾ ಮಾಡಿದ ನೀರಿನ ಒತ್ತಡದ ಪ್ರೆಸ್ಸು ಸೋರುತ್ತಿತ್ತು. ಅದಕ್ಕೆ ಹೆನ್ರಿ ಚರ್ಮದ ಬಟ್ಟಲಿನಂಥ ವಾಷರ್ ಕೂರಿಸಿದ ಅಂತ ಹೇಳುತ್ತಾರೆ. ಒಳಗೆ ಒತ್ತಡ ಹೆಚ್ಚಿದಷ್ಟೂ ಚರ್ಮ ಗೋಡೆಗೆ ಒತ್ತಿಕೊಳ್ಳುತ್ತೆ, ಸೋರಿಕೆ ನಿಲ್ಲುತ್ತೆ. ಒತ್ತಡ ಇಳಿದರೆ ತಾನೇ ಸಡಿಲ ಆಗುತ್ತೆ. ಇವತ್ತು ಲಾರಿ ಜಾಕಿ, ಜೆಸಿಬಿ ಪಂಪುಗಳ ಸೀಲುಗಳಲ್ಲೂ ಇದೇ ಉಪಾಯ.

ಉಳಿ ಯಾರ ಕೈಲಿ ಇರಬೇಕು?

ಮರ ಕಡೆಯೋವಾಗ ನಮ್ಮವರು ಉಳಿಯನ್ನು ಎರಡು ಕೈಲಿ ಹಿಡಿದು, ಕಬ್ಬಿಣದ ಆನಿಕೆ ಮೇಲೆ ಇಟ್ಟು, ತಿರುಗೋ ಮರಕ್ಕೆ ಒಡ್ಡುತ್ತಾರೆ. ಮರಕ್ಕೆ ಇದು ಸಾಕು. ಆದರೆ ಆ ಕಾಲದಲ್ಲಿ ಕಬ್ಬಿಣವನ್ನೂ ಹೆಚ್ಚುಕಮ್ಮಿ ಹೀಗೇ ಕಡೆಯುತ್ತಿದ್ದರು. ಉದ್ದನೆ ಹಿಡಿಯ ಉಳಿ, ಅದನ್ನು ಎದೆಗೊತ್ತಿ, ಮೈಯೆಲ್ಲ ಬಲ ಹಾಕಿ. ಕೈ ಒಂಚೂರು ಅದುರಿದರೂ ಸಾಮಾನು ಕೆಟ್ಟಿತು. ಸಂಜೆ ಆಗ್ತಿದ್ದ ಹಾಗೆ ಕೈ ಸೋಲುತ್ತೆ, ಬೆಳಿಗ್ಗೆ ಮಾಡಿದ್ದಕ್ಕೂ ಸಂಜೆ ಮಾಡಿದ್ದಕ್ಕೂ ಅಳತೆ ಹೊಂದಲ್ಲ.

ಹೆನ್ರಿ ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ ಒಂದು ಜಾರುಗಾಡಿಗೆ ಬಿಗಿದ. ಸ್ಕ್ರೂ ತಿರುಗಿಸಿದರೆ ಗಾಡಿ ನೇರ ಹೋಗುತ್ತೆ, ಅದರ ಜೊತೆ ಉಳಿ ಹೋಗುತ್ತೆ. ಇದೇ ಸ್ಲೈಡ್ ರೆಸ್ಟ್. ಈ ಯೋಚನೆ ಆತನಿಗಿಂತ ಮುಂಚೆಯೂ ಯುರೋಪಿನಲ್ಲಿ ಕೆಲವರಿಗೆ ಹೊಳೆದಿತ್ತು. ಆದರೆ ದಿನಾ ಕೆಲಸಕ್ಕೆ ಬರೋ ಹಾಗೆ, ಗಟ್ಟಿ ಕಬ್ಬಿಣದಲ್ಲಿ, ಅಲುಗಾಡದ ಹಾಗೆ ಮಾಡಿ ಚಾಲ್ತಿಗೆ ತಂದ ಹೆಸರು ಹೆನ್ರಿಗೆ ಸಲ್ಲುತ್ತೆ. ಮೊದಮೊದಲು ಹಳೇ ಕೈಗಳು ಈ ಗಾಡಿಯನ್ನು ನೋಡಿ ನಕ್ಕರಂತೆ. ಆಮೇಲೆ ಅದಿಲ್ಲದೆ ಲೇತ್ ಕೊಳ್ಳುವವರೇ ಇಲ್ಲ ಅನ್ನೋ ಹಾಗಾಯ್ತು.

30 ಶಿಲ್ಲಿಂಗ್ ಸಂಬಳ

ಬ್ರಾಮಾ ಮನೇಲಿ ಕೆಲಸಕ್ಕಿದ್ದ ಸಾರಾ ಟಿಂಡಲ್ ಅನ್ನೋ ಹುಡುಗಿಯನ್ನು ಹೆನ್ರಿ 1791ರಲ್ಲಿ ಮದುವೆಯಾದ. ನಾಲ್ಕು ಗಂಡು ಮಕ್ಕಳಾದರು. ಫೆಬ್ರವರಿ 14ಕ್ಕೆ ಪ್ರೇಮದ ಕಥೆಯೂ ಬೇಕು ಅನ್ನೋರಿಗೆ ಇದು.

ಎಂಟು ವರ್ಷ ದುಡಿದು, ಆ ಹೊತ್ತಿಗೆ ಇಡೀ ಶೆಡ್ಡಿನ ಮೇಲ್ವಿಚಾರಣೆ ಹೆನ್ರಿಯದೇ ಆಗಿತ್ತು. ಸಂಬಳ ವಾರಕ್ಕೆ 30 ಶಿಲ್ಲಿಂಗ್, ಅಂದ್ರೆ ಒಂದೂವರೆ ಪೌಂಡ್. ಮನೇಲಿ ಮಕ್ಕಳು, ಬಾಡಿಗೆ, ಖರ್ಚು. 1797ರಲ್ಲಿ ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ. ಬ್ರಾಮಾ ಆಗಲ್ಲ ಅಂದುಬಿಟ್ಟರು. ಹೆನ್ರಿ ಜಗಳ ಮಾಡಲಿಲ್ಲ. ಕೆಲಸ ಬಿಟ್ಟ. ಆಕ್ಸ್‌ಫರ್ಡ್ ಸ್ಟ್ರೀಟ್ ಪಕ್ಕದ ವೆಲ್ಸ್ ಸ್ಟ್ರೀಟ್‌ನಲ್ಲಿ ಒಂದು ಸಣ್ಣ ಅಂಗಡಿ ಹಿಡಿದ. ಮೊದಲ ಆರ್ಡರು ಒಬ್ಬ ಚಿತ್ರಗಾರನಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡೋದು. ಅಷ್ಟೇ. ಕೆಲವು ಶಿಲ್ಲಿಂಗ್ ಉಳಿಸೋಕೆ ಹೋಗಿ ಬ್ರಾಮಾ ಕಳಕೊಂಡಿದ್ದು ಎಂಥ ಕೆಲಸಗಾರನನ್ನು ಅನ್ನೋದು ಮುಂದಿನ ಹತ್ತು ವರ್ಷದಲ್ಲಿ ಎಲ್ಲರಿಗೂ ಗೊತ್ತಾಯಿತು. ಒಳ್ಳೆ ಕೈಯನ್ನು ನೂರಿನ್ನೂರಕ್ಕೆ ಬಿಟ್ಟುಕೊಟ್ಟು ಆಮೇಲೆ ಪರದಾಡೋ ಅಂಗಡಿಗಳು ಈಗಲೂ ಕಮ್ಮಿ ಇಲ್ಲ.

ಒಂದೇ ಥರದ ಸ್ಕ್ರೂ

1800ರಲ್ಲಿ ಹೆನ್ರಿ ಮಾರ್ಗರೆಟ್ ಸ್ಟ್ರೀಟ್‌ನ ದೊಡ್ಡ ಜಾಗಕ್ಕೆ ಬಂದ. ಸ್ಕ್ರೂ ಕತ್ತರಿಸೋ ಲೇತ್ ಹದಕ್ಕೆ ಬಂದಿದ್ದು ಈ ವರ್ಷಗಳಲ್ಲೇ. 1800ರ ಸುಮಾರಿನ ಒಂದು ಲೇತ್ ಈಗಲೂ ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿದೆ.

ಆಗಿನ ಕಾಲದಲ್ಲಿ ಸ್ಕ್ರೂ ಅಂದ್ರೆ ಅಂದಾಜಿನ ಕೆಲಸ. ಒಂದು ಮಿಷನ್ ಬಿಚ್ಚಿದರೆ ಯಾವ ಬೋಲ್ಟು ಯಾವ ತೂತಿನದು ಅಂತ ಗುರುತು ಹಾಕಿ ಇಡಬೇಕಿತ್ತು. ಕಲೆಸಿಬಿಟ್ಟರೆ ಮುಗೀತು. ಹೆನ್ರಿ ಲೇತ್‌ನಲ್ಲಿ ಒಂದು ಉದ್ದನೆ ಸ್ಕ್ರೂ ಜಾರುಗಾಡಿಯನ್ನು ಎಳೆಯುತ್ತೆ. ಕಡೆಯೋ ಸರಳಿಗೂ ಆ ಸ್ಕ್ರೂಗೂ ಹಲ್ಲಿನ ಚಕ್ರದ ಸಂಬಂಧ. ಚಕ್ರ ಬದಲಾಯಿಸಿದರೆ ಸುತ್ತಿನ ಅಂತರ ಬದಲಾಗುತ್ತೆ. ಚಕ್ರ ಅದೇ ಇದ್ದರೆ ನೂರು ಸರಳಿಗೂ ಅದೇ ಸುತ್ತು. ಹೀಗೆ ತನ್ನ ಕಾರ್ಖಾನೆಯ ಮಟ್ಟಿಗೆ ಹೆನ್ರಿ ಸ್ಕ್ರೂ ಸೈಜುಗಳನ್ನು ಗೊತ್ತುಮಾಡಿ, ಅದಕ್ಕೆ ಬೇಕಾದ ಟ್ಯಾಪು, ಡೈ ಸೆಟ್‌ಗಳನ್ನು ಮಾಡಿಸಿದ.

ಇದು ನಮ್ಮ ಚಕ್ಕಿಗೆ ಎಲ್ಲಿ ಸಂಬಂಧ ಅಂದ್ರೆ ಇಲ್ಲೇ. ಚಕ್ಕು ಕೊಳ್ಳೋಕೆ ಹೋದರೆ ಮೊದಲು ಕೇಳಬೇಕಾದ್ದು ಬೆಲೆ ಅಲ್ಲ, ಥ್ರೆಡ್. ನಮ್ಮ ಲೇತ್‌ನ ಸ್ಪಿಂಡಲ್ ಒಂದು ಇಂಚು ದಪ್ಪ, ಇಂಚಿಗೆ 8 ಸುತ್ತಿನದಾ? ಇಲ್ಲ 33 ಎಂಎಂ ದಪ್ಪ, 3.5 ಎಂಎಂ ಅಂತರದ್ದಾ? ಇದು ಗೊತ್ತಿಲ್ಲದೆ ಆನ್‌ಲೈನ್‌ನಲ್ಲಿ ಚಕ್ಕು ತರಿಸಿದರೆ ಅದು ಕಪಾಟಿನಲ್ಲೇ ಕೂರುತ್ತೆ. ಹತ್ತಿರದ ಥ್ರೆಡ್ ಅಂತ ಬಲವಂತಕ್ಕೆ ತಿರುಗಿಸಿದರೆ ಎರಡು ಸುತ್ತು ಹತ್ತಿ ಕಚ್ಚಿಕೊಳ್ಳುತ್ತೆ, ಸ್ಪಿಂಡಲ್ಲೂ ಹಾಳು. ಥ್ರೆಡ್ ಸರಿ ಇದ್ದರೆ ಯಾವ ದೇಶದಲ್ಲಿ ಮಾಡಿದ ಚಕ್ಕಾದರೂ ನಮ್ಮ ಲೇತ್‌ಗೆ ಏರುತ್ತೆ.

ದವಡೆಗೆ ಮಾತ್ರ ಆ ಭಾಗ್ಯ ಇನ್ನೂ ಪೂರ್ತಿ ಬಂದಿಲ್ಲ. ಒಂದು ಕಂಪನಿ ಜಾ ಸೆಟ್ ಇನ್ನೊಂದು ಕಂಪನಿ ಚಕ್ಕಿಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೊಳ್ಳೋ ಮುಂಚೆ ಚಕ್ಕನ್ನೇ ಕೈಲಿ ಹಿಡಕೊಂಡು ಹೋಗೋದು ವಾಸಿ. ಒಂದೇ ಸೆಟ್ಟಿನ ನಾಲ್ಕು ದವಡೆಗೂ 1, 2, 3, 4 ಅಂತ ನಂಬರ್ ಕೊರೆದಿರುತ್ತೆ. ಅದೇ ನಂಬರಿನ ಜಾಗಕ್ಕೇ ಹಾಕಬೇಕು. ಕಲೆಸಿದರೆ ಬಾಯಿ ದುಂಡಗೆ ಮುಚ್ಚಲ್ಲ, ಮರ ಓಲಾಡುತ್ತೆ.

ಹಡಗಿನ ರಾಟೆ, ಮರದ ಹಿಡಿತ

ಹೆನ್ರಿ ಬದುಕಿನ ದೊಡ್ಡ ಕೆಲಸ ಮರದ್ದೇ. ಬಾವಿಗೆ ನಾವು ಹಾಕ್ತಿದ್ದ ರಾಟೆ ಇದೆಯಲ್ಲ, ಅದರ ಥರದ್ದೇ ಮರದ ರಾಟೆಗಳು ಹಾಯಿ ಹಡಗಿಗೆ ಬೇಕು. ಹಾಯಿ ಏರಿಸೋಕೆ, ಇಳಿಸೋಕೆ, ಫಿರಂಗಿ ಎಳೆಯೋಕೆ. ಒಂದು ದೊಡ್ಡ ಯುದ್ಧದ ಹಡಗಿಗೆ ಸುಮಾರು ಸಾವಿರ ರಾಟೆ. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ ಬೇಕಿತ್ತು. ಫ್ರಾನ್ಸ್ ಜೊತೆ ಯುದ್ಧದ ಕಾಲ ಬೇರೆ. ಕೈಯಲ್ಲಿ ಮಾಡಿದ ರಾಟೆ ಒಂದು ದಪ್ಪ, ಒಂದು ಸಣ್ಣ. ಹಗ್ಗ ಸಿಕ್ಕಿಕೊಂಡರೆ ಹಡಗೇ ಅಪಾಯಕ್ಕೆ.

ಫ್ರಾನ್ಸ್‌ನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಎಂಜಿನಿಯರ್ ಮಾರ್ಕ್ ಬ್ರುನೆಲ್ ರಾಟೆ ಮಾಡೋ ಮಿಷನ್‌ಗಳ ನಕ್ಷೆ ಹಾಕಿದ್ದ. ನಕ್ಷೆಯನ್ನು ಕಬ್ಬಿಣಕ್ಕೆ ಇಳಿಸೋ ಕೈ ಬೇಕಿತ್ತು. ಬ್ರುನೆಲ್‌ನ ಗೆಳೆಯನೊಬ್ಬ ಹೆನ್ರಿ ಅಂಗಡಿ ಕಿಟಕಿಯಲ್ಲಿ ಇಟ್ಟಿದ್ದ ಅಚ್ಚುಕಟ್ಟಾದ ಸ್ಕ್ರೂ ನೋಡಿ, ಈ ಕೆಲಸಕ್ಕೆ ಇವನೇ ಸರಿ ಅಂತ ಪರಿಚಯ ಮಾಡಿಸಿದ ಅಂತಾರೆ. ನೌಕಾಪಡೆಯ ಸಾಮ್ಯುಯೆಲ್ ಬೆಂಥಮ್ ಬೆಂಬಲಕ್ಕೆ ನಿಂತರು. ಹೆನ್ರಿ ನಲವತ್ತಕ್ಕೂ ಹೆಚ್ಚು ಮಿಷನ್ ಮಾಡಿದ. ಪೋರ್ಟ್ಸ್‌ಮತ್ ಬಂದರಿನಲ್ಲಿ ಅವನ್ನು ಕೂರಿಸಿದರು. 1805ರಲ್ಲಿ ಅಡ್ಮಿರಲ್ ನೆಲ್ಸನ್ ಟ್ರಫಾಲ್ಗರ್ ಯುದ್ಧಕ್ಕೆ ಹೊರಡೋ ದಿನ ಬೆಳಿಗ್ಗೆ ಇಲ್ಲಿಗೆ ಬಂದು ನೋಡಿ ಹೋಗಿದ್ದರು.

ಮರ ಕಡೆಯುವವರು ಗಮನಿಸಬೇಕಾದ್ದು ಆ ಮಿಷನ್‌ಗಳು ಮರವನ್ನು ಹಿಡಿಯುತ್ತಿದ್ದ ರೀತಿ. ರಾಟೆಯ ಹೊರಗಿನ ಕಟ್ಟೆಗೆ ಎಲ್ಮ್ ಮರ. ಮೊದಲ ಮಿಷನ್ ಆ ತುಂಡಿಗೆ ತೂತು ಕೊರೆಯೋದು. ಕೊರೆಯೋವಾಗ ತುಂಡನ್ನು ಹಿಡಿದ ಬಿಗಿತಕ್ಕೇ ಮರದ ಮೇಲೆ ಸಣ್ಣ ಗುರುತು ಬೀಳೋ ಹಾಗೆ ಮಾಡಿದ್ದರು. ಮುಂದಿನ ಮಿಷನ್‌ಗಳು ಮರವನ್ನು ಹಿಡಿಯೋದು ಅದೇ ಗುರುತಿನಲ್ಲಿ. ಹಾಗಾಗಿ ಮಿಷನ್ ಬದಲಾದರೂ ನಡುಮಧ್ಯ ಬದಲಾಗುತ್ತಿರಲಿಲ್ಲ. ಆಮೇಲೆ ಹಲವು ತುಂಡುಗಳನ್ನು ಎರಡು ದೊಡ್ಡ ಚಕ್ರಗಳ ಅಂಚಿನ ನಡುವೆ ಬಿಗಿದು ತಿರುಗಿಸಿ, ಹೊರಮೈಯನ್ನು ಬಾಗಿದ ಗೆರೆಯಲ್ಲಿ ಒಟ್ಟಿಗೇ ಕೆತ್ತುತ್ತಿದ್ದರು. ಒಂದು ಮೈ ಮುಗಿದರೆ ಎಲ್ಲವನ್ನೂ ಕಾಲು ಸುತ್ತು ಹೊರಳಿಸಿ ಇನ್ನೊಂದು ಮೈ. ಒಳಗಿನ ಗಾಲಿಗೆ ಲಿಗ್ನಂ ವೀಟೆ ಅನ್ನೋ ಮರ, ನೀರಿಗೆ ಹಾಕಿದರೆ ಮುಳುಗೋವಷ್ಟು ಭಾರದ್ದು. ಅದರ ಮುಖ, ಹಗ್ಗ ಕೂರೋ ಗಾಡಿ ಎರಡನ್ನೂ ಲೇತ್‌ನಲ್ಲಿ ಕಡೆಯುತ್ತಿದ್ದರು.

1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ ಬರತೊಡಗಿದವು. 110 ಜನ ಮಾಡ್ತಿದ್ದ ಕೆಲಸಕ್ಕೆ 10 ಜನ ಸಾಕಾಯಿತು. ಆ ಮಿಷನ್‌ಗಳಲ್ಲಿ ಕೆಲವು 20ನೇ ಶತಮಾನದ ಮಧ್ಯದವರೆಗೂ ಓಡಿದವು.

ಉಳಿದ 100 ಜನ?

ಇದನ್ನು ಹೊಗಳೋವಾಗ ಒಂದು ಲೆಕ್ಕ ಬಿಡಬಾರದು. 110ರಲ್ಲಿ 10 ಕಳೆದರೆ 100. ಅಷ್ಟು ಕೈಗಳ ಪಳಗಿದ ಕೆಲಸಕ್ಕೆ ಬೆಲೆ ಇಲ್ಲದಂತಾಯಿತು. ಮಿಷನ್ ಮುಂದೆ ನಿಲ್ಲೋಕೆ ಪಳಗಿದ ಕೈ ಬೇಕಿರಲಿಲ್ಲ. ಆದರೆ ಆ ಮಿಷನ್ ಮಾಡೋಕೆ, ರಿಪೇರಿ ಮಾಡೋಕೆ ಇನ್ನೂ ಪಳಗಿದ ಕೈ ಬೇಕಾಯಿತು. ಹಳೇ ಕಸುಬು ಹೋದ ಕಡೆಯೇ ಹೊಸ ಕಸುಬು ಹುಟ್ಟಿತು. ಹೋದದ್ದು ಒಬ್ಬರದು, ಸಿಕ್ಕಿದ್ದು ಇನ್ನೊಬ್ಬರಿಗೆ.

ಈ ಲೆಕ್ಕ ನಮ್ಮ ತಾಲ್ಲೂಕುಗಳಿಗೂ ಹೊಸದಲ್ಲ. ಮಂಚದ ಕಾಲು ಈಗ ಕಂಪ್ಯೂಟರ್ ಲೇತ್‌ನಲ್ಲಿ ನಿಮಿಷಕ್ಕೊಂದು ಬೀಳುತ್ತೆ. ಒಂದೇ ಥರದ ಸಾವಿರ ಬೇಕಾದರೆ ಅದರ ಜೊತೆ ಪೈಪೋಟಿ ಸಾಧ್ಯ ಇಲ್ಲ. ಆದರೆ ಮುರಿದ ಹಳೇ ತೊಟ್ಟಿಲಿನ ಒಂದು ಗುಂಡು, ಅಜ್ಜಿ ಕಾಲದ ಮಂಚಕ್ಕೆ ಜೋಡಿ ಹೊಂದೋ ಒಂದು ಕಾಲು ಬೇಕಾದಾಗ ಜನ ಬರೋದು ಪೇಟೆಯ ಸಣ್ಣ ಲೇತ್‌ಗೇ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಟೊಳ್ಳು ಚಕ್ಕಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿ, ತಿರುಗೋವಾಗಲೇ ಅರಗು ಹಚ್ಚಿ ಬಣ್ಣ ಕೊಡುತ್ತಾರೆ. ಅಲ್ಲಿ ದವಡೆಯೂ ಇಲ್ಲ, ಕೀಯೂ ಇಲ್ಲ. ಆ ಗೊಂಬೆಗಳಿಗೆ ಇವತ್ತು ಜಿಐ ಮಾನ್ಯತೆ ಇದೆ. ಕೈ ಕೆಲಸಕ್ಕೆ ಬೆಲೆ ಉಳಿಯೋದು ಮಿಷನ್‌ಗೆ ಬಾರದ್ದನ್ನು ಮಾಡಿದಾಗ.

ಚಕ್ಕಿಗೆ ಆತನ ಪಾಠ

ಮೊದಲು ಹಿಡಿತ, ಆಮೇಲೆ ಉಳಿ. ರಾಟೆ ಮಿಷನ್‌ಗಳ ಗುಟ್ಟು ಇಷ್ಟೇ. ಮರದ ಲೇತ್‌ಗೂ ಇದೇ. ಲಟ್ಟಣಿಗೆ, ಮಂಚದ ಕಾಲಿನಂಥ ಉದ್ದ ಸಾಮಾನಿಗೆ ಚಕ್ಕೇ ಬೇಕಿಲ್ಲ. ಎರಡು ಮೊನೆಗಳ ನಡುವೆ ಹಿಡಿದರೆ ಸಾಕು. ಬಟ್ಟಲು, ಡಬ್ಬಿ, ಹೂದಾನಿಯಂಥ ಒಳಗೆ ಟೊಳ್ಳು ತೆಗೆಯೋ ಸಾಮಾನಿಗೆ ನಾಲ್ಕು ದವಡೆಯ, ತಾನೇ ನಡುಮಧ್ಯಕ್ಕೆ ಬರೋ ಚಕ್ಕು ಬೇಕು. ಸಣ್ಣ ಲೇತ್‌ಗೆ 4 ಇಂಚಿನ ಚಕ್ಕು, 50 ಎಂಎಂ ಸುತ್ತಿನ ಒಂದು ಜಾ ಸೆಟ್ ಇದ್ದರೆ ಶುರುವಿಗೆ ಧಾರಾಳ. ಭಾರದ ಚಕ್ಕು ಹಾಕಿದರೆ ಸಣ್ಣ ಲೇತ್‌ನ ಬೇರಿಂಗಿಗೆ ಹೊರೆ.

ಬಟ್ಟಲಿನ ಬುಡದಲ್ಲಿ ದವಡೆ ಹಿಡಿಯೋಕೆ ಒಂದು ಮೋಟು ಬಿಡುತ್ತಾರೆ. 10 ಇಂಚಿನ ಬಟ್ಟಲಿಗೆ ಮೋಟು ಮೂರೂವರೆಯಿಂದ 4 ಇಂಚು ಇರಲಿ, ಆ ಸೈಜಿಗೆ ಹೊಂದೋ ದೊಡ್ಡ ದವಡೆ ಹಾಕಲಿ. ದವಡೆ ಹೆಚ್ಚುಕಮ್ಮಿ ಪೂರ್ತಿ ದುಂಡಗೆ ಕೂಡಿಕೊಳ್ಳೋ ಸೈಜಿಗೆ ಮೋಟು ಕಡೆದರೆ ಸುತ್ತಲೂ ಹಿಡಿತ ಸಿಗುತ್ತೆ. ತೀರಾ ದಪ್ಪ ಬಿಟ್ಟರೆ ದವಡೆಯ ಮೂಲೆಗಳು ಮಾತ್ರ ಕಚ್ಚುತ್ತವೆ, ಎಂಟು ಗಾಯ ಬೀಳುತ್ತೆ. ಮೋಟಿನ ತುದಿ ಚಕ್ಕಿನ ತಳ ಮುಟ್ಟಬಾರದು. ಮರದ ಭುಜ ದವಡೆಯ ಮೇಲ್ಮೈಗೆ ಆನಿಕೊಂಡು ಕೂರಬೇಕು. ಬುಡದಲ್ಲಿ ಗುಳಿ ತೋಡಿ ದವಡೆಯನ್ನು ಒಳಗಿಂದ ಹಿಗ್ಗಿಸಿ ಹಿಡಿಯೋದೂ ಉಂಟು. ಆಗ ಜಾಸ್ತಿ ಬಿಗಿದರೆ ಮರ ಸೀಳುತ್ತೆ.

ಹಸಿ ಮರದ ವಿಷಯದಲ್ಲಿ ಪಾವಗಡ, ಶಿರಾ ಕಡೆಯವರು ಇನ್ನೂ ಹುಷಾರಾಗಿರಬೇಕು. ಈ ಬಿಸಿಲಿಗೆ ಮರ ಬೇಗ ಒಣಗುತ್ತೆ. ಒಣಗೋವಾಗ ಎಳೆಯ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತೆ, ಉದ್ದಕ್ಕೆ ಕಮ್ಮಿ. ಇವತ್ತು ದುಂಡಗಿದ್ದ ಮೋಟು ನಾಳೆ ಮೊಟ್ಟೆ ಆಕಾರ. ರಾತ್ರಿ ಚಕ್ಕಿನಲ್ಲೇ ಬಿಟ್ಟು ಬೆಳಿಗ್ಗೆ ಹಾಗೇ ಸ್ವಿಚ್ ಒತ್ತಿದರೆ ಮರ ಹಾರಿ ಮುಖಕ್ಕೆ ಬರುತ್ತೆ. ಮತ್ತೆ ಬಿಗಿದು, ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಕರೆಂಟ್ ಕೊಡಬೇಕು. ಚಕ್ಕಿನ ಕೀ ಚಕ್ಕಿನಲ್ಲೇ ಬಿಡಬಾರದು. ಹೆಗಲ ಮೇಲಿನ ಟವೆಲ್ ಗೂಟಕ್ಕೆ ಹಾಕಿ ಬರಬೇಕು. ದವಡೆಯನ್ನು ಚಕ್ಕಿನ ಅಂಚಿಂದ ಆಚೆಗೆ ಚಾಚಿಸಿ ಓಡಿಸಿದರೆ ತಿರುಗೋವಾಗ ಕಣ್ಣಿಗೆ ಕಾಣಲ್ಲ, ಬೆರಳಿಗೆ ಬಡಿದಾಗಲೇ ಗೊತ್ತಾಗೋದು.

ಲಾರ್ಡ್ ಚಾನ್ಸಲರ್

ರಾಟೆ ಕೆಲಸದಿಂದ ಹೆನ್ರಿಗೆ ಹೆಸರೂ ಬಂತು, ಬಂಡವಾಳವೂ ಬಂತು. 1810ರಲ್ಲಿ ಥೇಮ್ಸ್‌ನ ದಕ್ಷಿಣಕ್ಕೆ ಲ್ಯಾಂಬೆತ್‌ನಲ್ಲಿ ದೊಡ್ಡ ಕಾರ್ಖಾನೆ ಹಾಕಿದ. ಹಡಗಿನ ಉಗಿ ಎಂಜಿನ್ ಮಾಡೋದರಲ್ಲಿ ಆ ಕಾರ್ಖಾನೆ ಹೆಸರಾಯಿತು. 1825ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂದ ಎಂಟರ್‌ಪ್ರೈಸ್ ಅನ್ನೋ ಉಗಿ ಹಡಗಿನ ಎಂಜಿನ್ ಹೆನ್ರಿ ಕಾರ್ಖಾನೆಯದು. ಅದೇ ವರ್ಷ ಬ್ರುನೆಲ್ ಥೇಮ್ಸ್ ನದಿ ಕೆಳಗೆ ಸುರಂಗ ಕೊರೆಯೋಕೆ ಶುರು ಮಾಡಿದಾಗ, ಕೊರೆಯುವವರನ್ನು ಕಾಯೋ ಕಬ್ಬಿಣದ ಕವಚವೂ ಇಲ್ಲಿಂದಲೇ ಹೋಯಿತು.

ಕಾರ್ಖಾನೆಯಲ್ಲಿ ಒಂದು ಅಳತೆ ಉಪಕರಣ ಇತ್ತು. ಇಂಚಿನ ಹತ್ತು ಸಾವಿರದ ಒಂದು ಭಾಗದವರೆಗೆ ಅಳೆಯೋದು. ಅದಕ್ಕೆ ಲಾರ್ಡ್ ಚಾನ್ಸಲರ್ ಅಂತ ಹೆಸರಿಟ್ಟಿದ್ದರು, ಅಂದ್ರೆ ದೇಶದ ಅತಿ ದೊಡ್ಡ ನ್ಯಾಯಾಧೀಶರು. ಯಾರ ಅಳತೆ ಸರಿ ಅಂತ ಜಗಳ ಬಂದರೆ ಅದರ ಬಾಯಿಗೆ ಕೊಡೋದು, ಅದು ಹೇಳಿದ್ದೇ ತೀರ್ಪು. ಸಪಾಟಾದ ಕಬ್ಬಿಣದ ಹಲಗೆಯನ್ನು ಕೆಲಸಗಾರರ ಬೆಂಚಿನ ಮೇಲೆ ಇಡಿಸಿದ್ದ. ತನ್ನ ಕೆಲಸ ನೇರ ಇದೆಯಾ ಅಂತ ಅವರವರೇ ನೋಡಿಕೊಳ್ಳಲಿ ಅಂತ.

ಈ ಶೆಡ್ಡಿನಲ್ಲಿ ಪಳಗಿ ಹೋದವರ ಪಟ್ಟಿ ದೊಡ್ಡದು. ರಿಚರ್ಡ್ ರಾಬರ್ಟ್ಸ್ ಲೋಹ ಹೆರೆಯೋ ಮಿಷನ್ ಮಾಡಿದ. ಜೋಸೆಫ್ ಕ್ಲೆಮೆಂಟ್ ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರದ ಭಾಗಗಳನ್ನು ಮಾಡಿದ. ಕಂಪ್ಯೂಟರಿನ ಅಜ್ಜ ಅಂತ ಕರೆಯೋ ಯಂತ್ರ ಅದು. 1829ರಲ್ಲಿ ಜೇಮ್ಸ್ ನ್ಯಾಸ್ಮಿತ್ ಅನ್ನೋ ಹುಡುಗ ತಾನು ಮಾಡಿದ ಎಂಜಿನ್ ಮಾದರಿ ಹಿಡಿದು ಕೆಲಸ ಕೇಳೋಕೆ ಬಂದ. ಹೆನ್ರಿ ಅಷ್ಟೊತ್ತಿಗೆ ಹೊಸಬರನ್ನು ತಗೊಳ್ಳೋದು ನಿಲ್ಲಿಸಿದ್ದ. ಆದರೆ ಆ ಮಾದರಿಯ ಕೆಲಸ ನೋಡಿದ ಮೇಲೆ ತನ್ನ ಖಾಸಗಿ ಸಹಾಯಕನಾಗಿ ಇಟ್ಟುಕೊಂಡ. ಆತ ಮುಂದೆ ಉಗಿ ಸುತ್ತಿಗೆ ಮಾಡಿದ. ಇನ್ನೊಬ್ಬ ಜೋಸೆಫ್ ವಿಟ್‌ವರ್ತ್. ಹೆನ್ರಿ ತನ್ನ ಒಂದು ಕಾರ್ಖಾನೆಯಲ್ಲಿ ಮಾಡಿದ್ದನ್ನು ವಿಟ್‌ವರ್ತ್ 1841ರಲ್ಲಿ ಇಡೀ ದೇಶಕ್ಕೆ ಒಂದೇ ಥ್ರೆಡ್ ಅಂತ ಮುಂದಿಟ್ಟ. ಹಾರ್ಡ್‌ವೇರ್ ಅಂಗಡಿಯಲ್ಲಿ ಈಗಲೂ ಬಿಎಸ್‌ಡಬ್ಲ್ಯೂ ಬೋಲ್ಟು ಅಂತ ಕೇಳ್ತಾರಲ್ಲ, ಅದರಲ್ಲಿ ಡಬ್ಲ್ಯೂ ಅಂದ್ರೆ ಇದೇ ವಿಟ್‌ವರ್ತ್.

ಸಂಬಳ ಕೇಳಿ ಇಲ್ಲ ಅನ್ನಿಸಿಕೊಂಡು ಹೊರಬಂದವನ ಅಂಗಡಿಯಿಂದ ಇಷ್ಟು ಜನ ಹೊರಟರು.

ಕೊನೆ ದಿನಗಳು

ವಯಸ್ಸಾದ ಮೇಲೆ ಹೆನ್ರಿಗೆ ಆಕಾಶ ನೋಡೋ ಹುಚ್ಚು ಹತ್ತಿತು. ದೂರದರ್ಶಕ ಮಾಡೋಕೆ ಶುರು ಮಾಡಿದ. ನಾರ್‌ವುಡ್‌ನಲ್ಲಿ ಒಂದು ಮನೆ ತಗೊಂಡು ಅಲ್ಲಿಂದ ನಕ್ಷತ್ರ ನೋಡಬೇಕು ಅನ್ನೋದು ಆಸೆ. ಅದು ಕೈಗೂಡಲಿಲ್ಲ. 1831ರ ಜನವರಿಯಲ್ಲಿ ಫ್ರಾನ್ಸ್‌ನ ಗೆಳೆಯನನ್ನು ನೋಡಿಕೊಂಡು ಹಡಗಿನಲ್ಲಿ ವಾಪಸ್ ಬರೋವಾಗ ಚಳಿ ಹಿಡಿಯಿತು. ನಾಲ್ಕು ವಾರ ಮಲಗಿದ. ಎದ್ದೇಳಲಿಲ್ಲ.

ಮದ್ದು ತುಂಬುತ್ತಿದ್ದ ಅದೇ ವುಲಿಚ್‌ನ ಚರ್ಚಿನ ಅಂಗಳದಲ್ಲಿ ಹೂಳಿದರು. ಸಮಾಧಿ ಎರಕದ ಕಬ್ಬಿಣದ್ದು, ನಕ್ಷೆ ಹೆನ್ರಿಯೇ ಹಾಕಿಟ್ಟಿದ್ದ. ಕಾರ್ಖಾನೆಯನ್ನು ಮಕ್ಕಳು, ಪಾಲುದಾರ ಜೋಶುವಾ ಫೀಲ್ಡ್ ಮುಂದುವರಿಸಿದರು.

ಲಂಡನ್‌ನಿಂದ ನಮ್ಮ ಜಿಲ್ಲೆಗೆ ಈ ಕಥೆ ದೂರದ್ದೇನಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಗಿ ಲೇತ್‌ಗಳು ಇಲ್ಲೇ ತಯಾರಾಗತೊಡಗಿದವು. ತುಮಕೂರಿನ ಎಚ್‌ಎಂಟಿಯಲ್ಲಿ ವಾಚು ಮಾಡುತ್ತಿದ್ದವರ ಮನೆಗಳು ಇನ್ನೂ ಇವೆ. ಈಗ ವಸಂತನರಸಾಪುರದಲ್ಲಿ ಮಿಷನ್ ಮಾಡೋ ಮಿಷನ್‌ಗಳಿಗೆ ಅಂತಲೇ ಒಂದು ಮೆಷಿನ್ ಟೂಲ್ ಪಾರ್ಕ್ ಇದೆ. ಶಿರಾ, ಕೊರಟಗೆರೆ ಕಡೆಯ ಐಟಿಐ ಹುಡುಗರು ಕೆಲಸ ಕೇಳಿಕೊಂಡು ಹೋಗೋದು ಅಲ್ಲಿಗೇ. ಅಲ್ಲಿನ ಕಂಪ್ಯೂಟರ್ ಲೇತ್‌ನಲ್ಲೂ ಉಳಿ ಇರೋದು ಜಾರುಗಾಡಿಯ ಮೇಲೆ, ಗಾಡಿ ಎಳೆಯೋದು ಸ್ಕ್ರೂ.

ಈ ಫೆಬ್ರವರಿ 14ಕ್ಕೆ ಲೇತ್ ಅಂಗಡಿಯವರು ಹೂವು ತರಬೇಕಾಗಿಲ್ಲ. ಅವತ್ತು ಬೆಳಿಗ್ಗೆ ಚಕ್ಕು ಬಿಚ್ಚಿ, ದವಡೆಗಳ ಸಂದಿಯಲ್ಲಿ ಕೂತಿರೋ ಮರದ ಪುಡಿ ಬ್ರಷ್‌ನಲ್ಲಿ ಉದುರಿಸಿ, ಥ್ರೆಡ್ಡಿಗೆ ಒಂದು ಹನಿ ಎಣ್ಣೆ ಬಿಟ್ಟು, ನಂಬರ್ ನೋಡಿ ಮತ್ತೆ ಕೂರಿಸಿದರೆ ಸಾಕು. ಹೆನ್ರಿ ಮಾಡ್‌ಸ್ಲೆಗೆ ಅದಕ್ಕಿಂತ ಒಳ್ಳೆ ಪೂಜೆ ಇಲ್ಲ.